ಮೀಮ್ ಕಾಯಿನ್ ಬಿಡುವ ಮೊದಲು ನನ್ನ ಕೈ ಕಟ್ಟಿಕೊಂಡೆ

ಡೊಂಬಿವಿಲಿಯ ನಮ್ಮ ಕನ್ನಡ ಗೆಳೆಯರ ಬಳಗದಲ್ಲಿ ನೀರ್‌ದೋಸೆಯ ಒಂದು ಚಿತ್ರ ಓಡಾಡುತ್ತಿತ್ತು. ಎರಡು ತೂತುಗಳೇ ಕಣ್ಣು, ಮಡಚಿದ ಅಂಚೇ ಬಾಯಿ. ಇದನ್ನೇ ಮೀಮ್ ಕಾಯಿನ್ (ತಮಾಷೆಯ ಚಿತ್ರದ ಹೆಸರಲ್ಲಿ ಬಿಡುವ ಕ್ರಿಪ್ಟೋ ಟೋಕನ್) ಮಾಡೋಣ ಅಂತ ಹುಡುಗರು ಪಟ್ಟು ಹಿಡಿದರು. ಒಪ್ಪಿದೆ, ಆದರೆ ಒಂದು ಷರತ್ತು ಹಾಕಿದೆ: ಕೊಂಡವರಿಗೆ ಮೋಸ ಮಾಡುವ ದಾರಿ ನನಗೂ ಉಳಿಯಬಾರದು.

2021ರ ನವೆಂಬರ್‌ನಲ್ಲಿ ಸ್ಕ್ವಿಡ್ ಎಂಬ ಟೋಕನ್‌ಗೆ ಏನಾಯಿತು, ನೆನಪಿದೆ ಅಲ್ವಾ? ಬೆಲೆ 2,800 ಡಾಲರ್ ದಾಟಿತು, ನೋಡನೋಡುತ್ತಲೇ ಸೊನ್ನೆಗೆ ಬಿತ್ತು. ಅದಕ್ಕೂ ಮೊದಲೇ ಕೊಂಡವರಿಗೆ ಮಾರಲು ಆಗುತ್ತಿರಲಿಲ್ಲ. ಅದೃಷ್ಟ ಕೆಟ್ಟು ಹೀಗಾಯಿತು ಅನ್ನುವಂತಿಲ್ಲ. ಟೋಕನ್ ಮಾಡಿದವರ ಕೈಯಲ್ಲಿ ಅಷ್ಟು ಅಧಿಕಾರ ಇತ್ತು.

ನಮ್ಮ ಟೋಕನ್ ಬಿಡಲು ನಾನು ಸೊಲಾನಾ ಎಂಬ ಬ್ಲಾಕ್‌ಚೈನ್ (ವಹಿವಾಟುಗಳನ್ನು ಎಲ್ಲರೂ ನೋಡಬಹುದಾದ ದಾಖಲೆ ಜಾಲ) ಆರಿಸಿಕೊಂಡೆ. ಅಲ್ಲಿ ವಹಿವಾಟಿನ ಒಂದು ಸಹಿಗೆ ಮೂಲ ಶುಲ್ಕ 0.000005 ಸೋಲ್ (ಸೊಲಾನಾದ ಸ್ವಂತ ನಾಣ್ಯ) ಮಾತ್ರ. ಈ ಕೆಲಸಕ್ಕೆಂದೇ ಹೊಸ ವ್ಯಾಲೆಟ್ ತೆರೆದೆ, ಸೀಡ್ ಫ್ರೇಸ್ (ವ್ಯಾಲೆಟ್ ಮರಳಿ ತೆರೆಯುವ ಗುಟ್ಟಿನ ಪದಗಳು) ಕಾಗದದ ಮೇಲೆ ಬರೆದಿಟ್ಟೆ. ಫೋನಿನಲ್ಲಿ ಅದರ ಫೋಟೋ ಕೂಡ ಇಲ್ಲ. ಮೊದಲು ಇಡೀ ಕೆಲಸವನ್ನು ಡೆವ್‌ನೆಟ್ ಎಂಬ ಪ್ರಯೋಗದ ಜಾಲದಲ್ಲಿ ಮಾಡಿ ನೋಡಿದೆ. ಅಲ್ಲಿ ಸೋಲ್ ಪುಕ್ಕಟೆ, ಎಡವಿದರೂ ಯಾರ ಹಣವೂ ಹೋಗುವುದಿಲ್ಲ.

ಜಾಸ್ತಿ ಗಮನ ಬೇಕಾಗಿದ್ದು ಅಥಾರಿಟಿಗಳ, ಅಂದರೆ ಟೋಕನ್ ಮೇಲಿನ ಅಧಿಕಾರಗಳ ವಿಷಯದಲ್ಲಿ. ಮಿಂಟ್ ಅಥಾರಿಟಿ ಇದ್ದವನು ಬೇಕಾದಾಗ ಹೊಸ ಟೋಕನ್ ಹುಟ್ಟಿಸಬಹುದು. ಫ್ರೀಜ್ ಅಥಾರಿಟಿ ಇದ್ದವನು ನಿಮ್ಮ ಖಾತೆಯಲ್ಲಿರುವ ಟೋಕನ್ ಅಲುಗಾಡದಂತೆ ಮಾಡಬಹುದು. ಕಮಾಂಡ್ ಲೈನ್‌ನಲ್ಲಿ (ಆಜ್ಞೆ ಟೈಪ್ ಮಾಡಿ) ಟೋಕನ್ ಮಾಡುವಾಗ ಫ್ರೀಜ್ ಬೇಕು ಅಂತ ನಾವೇ ಹೇಳಬೇಕು. ನಾನು ಹೇಳಲಿಲ್ಲ. ಪೂರ್ತಿ 100 ಕೋಟಿ ಟೋಕನ್ ಮಿಂಟ್ ಮಾಡಿ, ಲೆಕ್ಕ ನೋಡಿ, ಆಮೇಲೆ ಮಿಂಟ್ ಅಥಾರಿಟಿ ರದ್ದು ಮಾಡಿದೆ. ಈ ಕ್ರಮ ತಪ್ಪಬಾರದು. ಮಿಂಟ್ ಮಾಡುವ ಮೊದಲೇ ರದ್ದು ಮಾಡಿದರೆ ಟೋಕನ್ ಸಂಖ್ಯೆ ಎಂದೆಂದಿಗೂ ಸೊನ್ನೆ. ಬೀಗ ಹಾಕಿ ಕೀಲಿಯನ್ನು ಠಾಣೆ ಖಾಡಿಗೆ ಎಸೆದ ಹಾಗೆ, ಮತ್ತೆ ಸಿಗುವ ಮಾತೇ ಇಲ್ಲ. ಸೊಲಾನಾದ ದಾಖಲೆ ತೋರಿಸುವ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಮಿಂಟ್ ವಿಳಾಸ (ನಮ್ಮ ಟೋಕನ್‌ನ ಗುರುತು) ಹಾಕಿ ನೋಡಿದೆ. ಅಥಾರಿಟಿ ಎದುರು ಇದ್ದ ನನ್ನ ವ್ಯಾಲೆಟ್ ವಿಳಾಸ ಹೋಗಿತ್ತು. ಅದರ ಕೊಂಡಿಯನ್ನು ಎಲ್ಲರಿಗೂ ಕಳಿಸಿದೆ. ನನ್ನ ಮಾತು ನಂಬಬೇಡಿ, ನೀವೇ ನೋಡಿ ಅಂದೆ. ಚಿತ್ರ ಸೇರಿಸಿದ ಮೇಲೆ ಮೆಟಾಡೇಟಾದ ಅಪ್‌ಡೇಟ್ ಅಥಾರಿಟಿಯನ್ನೂ ಬಿಟ್ಟೆ. ಇಲ್ಲದಿದ್ದರೆ ನಾಳೆ ಹೆಸರು, ಚಿತ್ರ ಎರಡೂ ಬದಲಾಗಬಹುದು.

ಆಮೇಲೆ ಟೋಕನ್ ಕೊಂಡು ಮಾರುವ ರೇಡಿಯಮ್ ಎಂಬ ತಾಣದಲ್ಲಿ ಪೂಲ್, ಅಂದರೆ ಕೊಳ್ಳುವ ಮಾರುವ ವಹಿವಾಟು ನಡೆಯುವ ಟೋಕನ್ ಮತ್ತು ಸೋಲ್‌ನ ಸಂಗ್ರಹ. ಟೋಕನ್ ಜೊತೆ ಸೋಲ್ ಇಟ್ಟಾಗ ನಮಗೆ ಎಲ್‌ಪಿ ಟೋಕನ್ (ಪೂಲ್‌ನಲ್ಲಿ ನಮ್ಮ ಪಾಲಿನ ರಸೀದಿ) ಸಿಗುತ್ತದೆ. ಅದು ಕೈಯಲ್ಲಿದ್ದರೆ ಯಾವಾಗ ಬೇಕಾದರೂ ಪೂಲ್ ಖಾಲಿ ಮಾಡಿಕೊಂಡು ಓಡಬಹುದು. ರಗ್ ಪುಲ್ ಎಂಬ ಮೋಸ ಅಂದರೆ ಹೆಚ್ಚಾಗಿ ಇದೇ. ನಾನು ಎಲ್‌ಪಿ ಟೋಕನ್‌ಗಳನ್ನು ಸುಟ್ಟುಬಿಟ್ಟೆ (ಮತ್ತೆ ಬಳಸಲಾಗದಂತೆ ನಾಶ ಮಾಡಿದೆ). ಅಂದರೆ ಇಟ್ಟ ಸೋಲ್ ಇನ್ನು ನನ್ನದಲ್ಲ. ಹೋದರೂ ಚಿಂತೆಯಿಲ್ಲ ಅನ್ನುವಷ್ಟನ್ನೇ ಇಟ್ಟಿದ್ದೆ.

ಸಣ್ಣ ಪೂಲ್‌ನ ಅಪಾಯವನ್ನು ಗೆಳೆಯರಿಗೆ ಬಿಡಿಸಿ ಹೇಳಿದೆ. ಪೂಲ್‌ನಲ್ಲಿ 10 ಸೋಲ್ ಇದ್ದು, ಒಬ್ಬ ಇನ್ನೂ 10 ಸೋಲ್ ಕೊಟ್ಟು ಕೊಂಡರೆ, ಪೂಲ್‌ನ ಅರ್ಧ ಟೋಕನ್ ಅವನಿಗೆ ಹೋಗುತ್ತದೆ. ಸೋಲ್ ಎರಡು ಪಟ್ಟು, ಟೋಕನ್ ಅರ್ಧ, ಹಾಗಾಗಿ ಬೆಲೆ ನಾಲ್ಕು ಪಟ್ಟಾಗುತ್ತದೆ. ಅವನು ಅಷ್ಟನ್ನೂ ಮಾರಿದರೆ ಮತ್ತೆ ಮೊದಲಿದ್ದಲ್ಲಿಗೇ. ನಡುವೆ ಕೊಂಡವರ ಕಥೆ ಏನು? ಅದಕ್ಕೇ ಯಾರಿಗೂ ಲಾಭದ ಆಸೆ ತೋರಿಸಲಿಲ್ಲ. ಬೆಲೆ ಏರಿಸಿಕೊಡುತ್ತೇವೆ, ಸುಮ್ನೆ ಸ್ವಲ್ಪ ಟೋಕನ್ ಕೊಡಿ ಅಂತ ಬಂದವರನ್ನು ಅಲ್ಲಿಂದಲೇ ಕಳಿಸಿದೆ.

ಹೆಸರು ಮತ್ತು ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಮಿಂಟ್ ವಿಳಾಸ ಮಾತ್ರ ನಕಲಾಗುವುದಿಲ್ಲ. ಆದ್ದರಿಂದ ಪೂಲ್ ತೆರೆಯುವ ಮೊದಲೇ ಅದನ್ನು ವಾಟ್ಸಾಪ್ ಗುಂಪಿನಲ್ಲಿ ಪಿನ್ ಮಾಡಿಸಿದೆ.

ತೆರಿಗೆ ಲೆಕ್ಕವನ್ನೂ ಮೊದಲೇ ಸಿಎ ಹತ್ತಿರ ಕೇಳಿಕೊಂಡೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಿದ ಲಾಭಕ್ಕೆ 30% ತೆರಿಗೆ, ಅದರ ಮೇಲೆ ಸೆಸ್. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ 1% ಟಿಡಿಎಸ್ ಕೂಡ ಬಂತು. ಪ್ರತಿ ವಹಿವಾಟಿನ ತಾರೀಕು, ಆವತ್ತಿನ ರೂಪಾಯಿ ಬೆಲೆ, ಟ್ರಾನ್ಸಾಕ್ಷನ್ ಕೊಂಡಿ ಮೂರನ್ನೂ ಆ ದಿನವೇ ಶೀಟ್‌ನಲ್ಲಿ ಬರೆದಿಡುತ್ತೇನೆ. ಗೆಳೆಯರಿಗೂ ಅದೇ ಶೀಟ್‌ನ ಖಾಲಿ ಪ್ರತಿ ಕೊಟ್ಟಿದ್ದೇನೆ.