ಒತ್ತಡದಲ್ಲಷ್ಟೇ ಬಯಲಾಗುವ ದೋಷ: ಟರ್ಬೊ ಕಾರಿನ ತಡವರಿಕೆ, ನಡುಕಗಳ ಮೂಲವನ್ನು ನಾನು ಹುಡುಕಿದ ಬಗೆ

ನನ್ನದು ಮೂರು ಸಿಲಿಂಡರಿನ, ಒಂದು ಲೀಟರ್ ಸಾಮರ್ಥ್ಯದ, ನೇರ ಇಂಧನ ಸಿಂಪಡಣೆಯ ಟರ್ಬೊ ಪೆಟ್ರೋಲ್ ಕಾರು. ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಗೇರು ಕೈಯಲ್ಲೇ ಬದಲಾಯಿಸುವಂಥದ್ದು. ಅರವತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಅದರಲ್ಲಿ ಒಂದು ತೊಂದರೆ ಕಾಣಿಸಿಕೊಂಡಿತು. ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ, 1,800ರಿಂದ 2,500 ಆರ್‌ಪಿಎಂ ನಡುವೆ, ಆಕ್ಸಿಲರೇಟರನ್ನು ಬಲವಾಗಿ ಒತ್ತಿದರೆ ಕಾರು ಮೊದಲು ತಡವರಿಸಿ ಆಮೇಲೆ ನಡುಗುತ್ತಿತ್ತು. ಹಗುರವಾಗಿ ಓಡಿಸಿದರೆ ಯಾವ ದೂರೂ ಇರಲಿಲ್ಲ. ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟರೆ ಎಂಜಿನ್ ಸದ್ದು ಸಮನಾಗಿತ್ತು, ಚೆಕ್ ಎಂಜಿನ್ ದೀಪವೂ ಉರಿಯುತ್ತಿರಲಿಲ್ಲ.

ಇಂಥ ಕಾರನ್ನು ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ಐಡ್ಲಿಂಗ್‌ನಲ್ಲಿರುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ, ಭಾಗಶಃ ನಿರ್ವಾತವಿರುತ್ತದೆ. ಪೂರ್ತಿ ಹೊರೆ ಬಿದ್ದಾಗ ಅಲ್ಲೇ ವಾತಾವರಣದ ಒತ್ತಡದ ಸುಮಾರು ಎರಡರಷ್ಟು ಒತ್ತಡ ತುಂಬುತ್ತದೆ. ಸೀಳಿದ ಹೋಸ್ ಇರಲಿ, ಸವೆದ ಸ್ಪಾರ್ಕ್ ಪ್ಲಗ್ ಇರಲಿ, ದುರ್ಬಲ ಪಂಪ್ ಇರಲಿ, ಬಯಲಾಗುವುದು ಆ ಎರಡನೆಯ ಸ್ಥಿತಿಯಲ್ಲಿ. ಆದ್ದರಿಂದ ಯಾವ ಭಾಗವನ್ನೂ ಬದಲಿಸುವ ಮೊದಲು, ದೋಷ ಕಾಣಿಸಿಕೊಳ್ಳುವ ಹೊರೆಯಲ್ಲೇ ಅಳತೆ ತೆಗೆಯಬೇಕೆಂದು ನಿರ್ಧರಿಸಿದೆ.

ಮೊದಲು ತೀರ್ಮಾನವಾಗಬೇಕಾದದ್ದು ನಡುಕ ಎಂಜಿನ್ನಿನದೋ ಚಕ್ರಗಳ ಕಡೆಯದೋ ಎಂಬುದು. ಒಳಬದಿಯ ಡ್ರೈವ್ ಶಾಫ್ಟ್ ಜಾಯಿಂಟ್ ಸವೆದಿದ್ದರೂ ವೇಗ ಹೆಚ್ಚಿಸುವಾಗ ಕಾರು ನಡುಗುತ್ತದೆ, ಕಾಲು ತೆಗೆದೊಡನೆ ನಡುಕ ನಿಲ್ಲುತ್ತದೆ. ಆದರೆ ಅದು ಕಾರಿನ ವೇಗಕ್ಕೆ ಅಂಟಿಕೊಂಡಿರುತ್ತದೆ. ನನ್ನ ಕಾರಿನಲ್ಲಿ ಮೂರನೆಯ ಗೇರಾದರೂ ನಾಲ್ಕನೆಯದಾದರೂ ನಡುಕ ಬರುತ್ತಿದ್ದುದು ಒಂದೇ ಆರ್‌ಪಿಎಂನಲ್ಲಿ, ಬೇರೆ ಬೇರೆ ವೇಗಗಳಲ್ಲಿ. ಹೀಗಾಗಿ ಟೈರು, ಶಾಫ್ಟುಗಳನ್ನು ಪಟ್ಟಿಯಿಂದ ಬಿಟ್ಟೆ. ಆಟೋಮ್ಯಾಟಿಕ್ ಗೇರಿನ ಕಾರುಳ್ಳವರು ಇನ್ನೊಂದನ್ನು ಪರೀಕ್ಷಿಸಬೇಕು: ಸಮವೇಗದಲ್ಲಿ, ಹಗುರ ಆಕ್ಸಿಲರೇಟರಿನಲ್ಲಿ ನಡುಕವಿದ್ದು, ಎಡಗಾಲಿನಿಂದ ಬ್ರೇಕನ್ನು ತುಸುವೇ ಮುಟ್ಟಿದಾಗ ಅದು ನಿಂತರೆ, ಎಂಜಿನ್ನನ್ನು ಗೇರ್ ಪೆಟ್ಟಿಗೆಗೆ ಜೋಡಿಸುವ ಟಾರ್ಕ್ ಕನ್ವರ್ಟರಿನ ಲಾಕ್-ಅಪ್ ಕ್ಲಚ್ಚಿನ ಮೇಲೆ ಅನುಮಾನ ಪಡಬೇಕಾಗುತ್ತದೆ.

ದೀಪ ಉರಿಯದಿದ್ದರೂ ಓಬಿಡಿ ಸ್ಕ್ಯಾನರ್ (ಎಂಜಿನ್ ಕಂಪ್ಯೂಟರಿನ ದಾಖಲೆ ಓದುವ ಉಪಕರಣ) ಜೋಡಿಸಿ ನೋಡುವುದು ವ್ಯರ್ಥವಲ್ಲ. ಒಮ್ಮೆ ಮಾತ್ರ ಗುರುತಿಸಿದ ದೋಷವನ್ನು ಎಂಜಿನ್ ಕಂಪ್ಯೂಟರ್ 'ಪೆಂಡಿಂಗ್' ಕೋಡ್ ಆಗಿ ಇಟ್ಟುಕೊಂಡಿರುತ್ತದೆ. ನನಗೆ ಸಿಕ್ಕಿದ್ದು ಪಿ0302, ಅಂದರೆ ಎರಡನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ (ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದು). ಕಂಪ್ಯೂಟರಿನ ಸ್ವಯಂಪರೀಕ್ಷೆಗಳ ಫಲಿತಾಂಶ ತೋರಿಸುವ ಮೋಡ್ 06ರಲ್ಲಿ ಪ್ರತಿ ಸಿಲಿಂಡರಿನ ಮಿಸ್‌ಫೈರ್ ಎಣಿಕೆಯೂ ದೊರೆಯಿತು. ಕ್ರ್ಯಾಂಕ್‌ಶಾಫ್ಟಿನ ವೇಗದಲ್ಲಿ ಆಗುವ ಕ್ಷಣಿಕ ಕುಸಿತವನ್ನು ನೋಡಿ ಕಂಪ್ಯೂಟರ್ ಮಾಡುವ ಎಣಿಕೆ ಅದು. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ದೀಪ ಮಿನುಗತೊಡಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಪರೀಕ್ಷೆಯನ್ನು ನಿಲ್ಲಿಸಬೇಕು, ಏಕೆಂದರೆ ಸುಡದೆ ಉಳಿದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದನ್ನು ಕರಗಿಸಿಬಿಡಬಲ್ಲದು.

ಬಳಿಕ ವಾಹನಗಳು ವಿರಳವಾಗಿದ್ದ ಏರುರಸ್ತೆಯಲ್ಲಿ, ಪಕ್ಕದಲ್ಲಿ ಕುಳಿತ ಗೆಳೆಯನ ಕೈಗೆ ಫೋನ್ ಕೊಟ್ಟು, ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ, ಇಂಧನ ರೈಲಿನ (ಸಿಲಿಂಡರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ) ಒತ್ತಡ ಮತ್ತು ಫ್ಯುಯೆಲ್ ಟ್ರಿಮ್‌ಗಳನ್ನು (ಇಂಧನದ ಪ್ರಮಾಣದಲ್ಲಿ ಕಂಪ್ಯೂಟರ್ ಮಾಡಿಕೊಳ್ಳುವ ಹೆಚ್ಚುಕಡಿಮೆಗಳನ್ನು) ಮಾತ್ರ ದಾಖಲಿಸಿದೆ. ಕಾರನ್ನು ಫೋನಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರುಗಳು ನಿಧಾನ. ಹತ್ತಾರು ಅಂಶಗಳನ್ನು ಒಟ್ಟಿಗೆ ಕೇಳಿದರೆ ಬೇಕಾದ ಕ್ಷಣವೇ ದಾಖಲೆಯಿಂದ ತಪ್ಪಿಹೋಗುತ್ತದೆ. ಬೆಂಗಳೂರಿನವರು ಗಮನಿಸಬೇಕಾದ ಒಂದು ಸಂಗತಿಯಿದೆ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದಾಗ ಮ್ಯಾನಿಫೋಲ್ಡ್ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರ್ ವಾತಾವರಣದ ಒತ್ತಡವನ್ನು ತೋರಿಸಬೇಕು. ಮಂಗಳೂರಿನಲ್ಲಿ ಅದು 101 ಕಿಲೋಪಾಸ್ಕಲ್ ಆಸುಪಾಸಿನಲ್ಲಿದ್ದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಹತ್ತಿರ ಇರುತ್ತದೆ. ಇದನ್ನು ತಿಳಿಯದವರು ಸರಿಯಾಗಿಯೇ ಇರುವ ಸೆನ್ಸರನ್ನು ಕೆಟ್ಟಿದೆಯೆಂದು ಬದಲಿಸಿಬಿಡಬಹುದು. ಮ್ಯಾನಿಫೋಲ್ಡಿನಲ್ಲಿ 180 ಕಿಲೋಪಾಸ್ಕಲ್ ತುಂಬಲು ಕರಾವಳಿಯಲ್ಲಿ ಟರ್ಬೊ ಗಾಳಿಯನ್ನು 1.8 ಪಟ್ಟು ಒತ್ತಿದರೆ ಸಾಕಾದರೆ, ಇಲ್ಲಿ ಎರಡು ಪಟ್ಟು ಒತ್ತಬೇಕಾಗುತ್ತದೆ. ಸಣ್ಣ ಸೋರಿಕೆಯೂ ಇಲ್ಲಿನ ಟರ್ಬೊಗೆ ಹೆಚ್ಚು ಭಾರವಾಗುವುದು ಇದರಿಂದಲೇ.

ಇಂಧನದ ಕಡೆ ದೋಷ ಕಾಣಲಿಲ್ಲ. ಪೂರ್ತಿ ಹೊರೆಯಲ್ಲಿ ರೈಲಿನ ಒತ್ತಡ ಕುಸಿಯದೆ ಏರಿಯೇ ನಿಂತಿತ್ತು, ಆದ್ದರಿಂದ ಪಂಪುಗಳನ್ನು ಮುಟ್ಟಲಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದ ಮೇಲೆ ಪ್ರತಿಯೊಂದು ಜರ್ಕಿಗೂ ಎಥನಾಲನ್ನು ದೂರುವ ರೂಢಿ ಬಂದಿದೆ. ಇ10ರಿಂದ ಇ20ಗೆ ಹೋದಾಗ ಅದೇ ಗಾಳಿಗೆ ಶೇ 4ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ ನಿಜ, ಆದರೆ ಅಷ್ಟನ್ನು ಕಂಪ್ಯೂಟರ್ ತಾನೇ ಹೊಂದಿಸಿಕೊಳ್ಳುತ್ತದೆ. ನನ್ನ ದಾಖಲೆಯಲ್ಲಿ ದೀರ್ಘಾವಧಿ ಟ್ರಿಮ್ ಶೇ 5ನ್ನು ಮೀರಿರಲಿಲ್ಲ. ಇಂಧನವೇ ಕಾರಣವೆನ್ನುವವರು ಮೊದಲು ಆ ಅಂಕಿಯನ್ನು ನೋಡಲಿ.

ಉಳಿದದ್ದು ಕಿಡಿ. ಎರಡನೆಯ ಸಿಲಿಂಡರಿನ ಪ್ಲಗ್ಗಿಗೆ ವೋಲ್ಟೇಜ್ ಒದಗಿಸುವ ಕಾಯಿಲನ್ನು ಮೂರಕ್ಕೂ ಮೂರರದನ್ನು ಎರಡಕ್ಕೂ ಹಾಕಿ ಅದೇ ಏರಿನಲ್ಲಿ ಮತ್ತೆ ಓಡಿಸಿದೆ. ಕಾಯಿಲ್ ಕೆಟ್ಟಿದ್ದರೆ ಮಿಸ್‌ಫೈರ್ ಅದರ ಜೊತೆಗೆ ಮೂರಕ್ಕೆ ಹೋಗಬೇಕು, ಕೆಟ್ಟಿಲ್ಲದಿದ್ದರೆ ಎರಡರಲ್ಲೇ ಉಳಿಯಬೇಕು. ಆದದ್ದು ಎರಡೂ: ಎರಡರ ಎಣಿಕೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು, ಅದುವರೆಗೆ ಶುದ್ಧವಾಗಿದ್ದ ಮೂರರಲ್ಲೂ ಒಂದಿಷ್ಟು ಮಿಸ್‌ಫೈರ್ ಕಾಣಿಸಿಕೊಂಡಿತು. ಇಡೀ ಹುಡುಕಾಟದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಸುಳಿವು ಇದು. ದೋಷ ಎರಡು ಭಾಗಗಳಲ್ಲಿ ಹಂಚಿಹೋಗಿದೆ, ಒಂದು ಕಾಯಿಲಿನ ಜೊತೆ ಓಡಾಡುತ್ತಿದೆ, ಇನ್ನೊಂದು ಸಿಲಿಂಡರಿನಲ್ಲೇ ಕುಳಿತಿದೆ ಎಂಬುದು ಸ್ಪಷ್ಟವಾಯಿತು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ಗುಗಳನ್ನು ಬಿಚ್ಚಿದೆ. ಕೈಪಿಡಿಯ ಪ್ರಕಾರ 0.7ರಿಂದ 0.8 ಮಿಲಿಮೀಟರ್ ಇರಬೇಕಾದ ಗ್ಯಾಪ್ (ಕಿಡಿ ಹಾರುವ ಸಂದು) ಒಂದು ಮಿಲಿಮೀಟರನ್ನು ದಾಟಿತ್ತು. ಎರಡನೆಯ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೇಲಿನಿಂದ ಕೆಳಕ್ಕೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆಯೊಂದಿತ್ತು. ಮೊದಲು ಅದರ ಮೇಲಿದ್ದ ಕಾಯಿಲಿನ ರಬ್ಬರ್ ಬೂಟಿನ (ಪ್ಲಗ್ಗನ್ನು ಆವರಿಸುವ ಕವಚದ) ಒಳಗೋಡೆಯಲ್ಲಿ ಅದಕ್ಕೆ ಸರಿಹೊಂದುವ ಗೆರೆ. ಸಿಲಿಂಡರಿನಲ್ಲಿ ಗಾಳಿ ದಟ್ಟವಾದಷ್ಟೂ, ಗ್ಯಾಪ್ ಅಗಲವಾದಷ್ಟೂ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಟರ್ಬೊ ಒತ್ತಡ ಏರಿದಾಗ ಆ ಅಗಲ ಗ್ಯಾಪನ್ನು ದಾಟುವುದಕ್ಕಿಂತ ಪಿಂಗಾಣಿಯ ಹೊರಮೈಯಲ್ಲಿ ಇಳಿದು ಲೋಹದ ಕವಚವನ್ನು ಸೇರುವುದೇ ವಿದ್ಯುತ್ತಿಗೆ ಸುಲಭವಾಗುತ್ತದೆ. ಒಮ್ಮೆ ಹಾಗೆ ಇಳಿದರೆ ಇಂಗಾಲದ ಗೆರೆ ಮೂಡುತ್ತದೆ, ಮುಂದಿನ ಕಿಡಿಗಳಿಗೆ ಅದೇ ದಾರಿಯಾಗುತ್ತದೆ. ಪ್ಲಗ್ ಮಾತ್ರ ಬದಲಿಸಿ ಹಳೆಯ ಬೂಟನ್ನು ಉಳಿಸಿಕೊಂಡರೆ ಹೊಸ ಪ್ಲಗ್ಗೂ ಬೇಗನೆ ಹಾಳಾಗುತ್ತದೆ. ಕಾಯಿಲ್ ಸರಿಯಿದ್ದುದರಿಂದ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಬೂಟನ್ನು ಮಾತ್ರ ತಂದು, ಮೂರೂ ಪ್ಲಗ್ಗುಗಳನ್ನು ಹೊಸದಾಗಿ ಹಾಕಿ, ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿದೆ.

ನಡುಕ ಪೂರ್ತಿ ನಿಂತಿತು, ತಡವರಿಕೆ ಉಳಿಯಿತು. ದಾಖಲೆಯನ್ನು ಮತ್ತೆ ನೋಡಿದಾಗ ಒತ್ತಡ ಗುರಿಯನ್ನು ಮುಟ್ಟುತ್ತಿದ್ದರೂ ಅದಕ್ಕೆ ಮೂರು ಸೆಕೆಂಡಿನಷ್ಟು ಹಿಡಿಯುತ್ತಿರುವುದು ಕಂಡಿತು. ಟರ್ಬೊ ಮತ್ತು ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ನಡುವೆ ಎಲ್ಲಾದರೂ ಗಾಳಿ ಸೋರಿದರೆ ಕಂಪ್ಯೂಟರ್ ವೇಸ್ಟ್‌ಗೇಟನ್ನು (ಹೊಗೆ ಟರ್ಬೊವನ್ನು ಬಳಸಿಕೊಂಡು ಹೊರಹೋಗಲು ಬಿಡುವ ಕವಾಟವನ್ನು) ಇನ್ನಷ್ಟು ಮುಚ್ಚಿ, ಟರ್ಬೊವನ್ನು ಇನ್ನಷ್ಟು ವೇಗವಾಗಿ ತಿರುಗಿಸಿ, ಕೊರತೆಯನ್ನು ತುಂಬಿಕೊಳ್ಳುತ್ತದೆ. ಪಿ0299 ಎಂಬ ಕಡಿಮೆ ಒತ್ತಡದ ಕೋಡ್ ಬರಬೇಕಾದರೆ ಸೋರಿಕೆ ಅದನ್ನೂ ಮೀರಬೇಕು. ಗಾಳಿಯನ್ನು ಮಾಫ್ ಸೆನ್ಸರಿನಿಂದ ಅಳೆಯುವ ಎಂಜಿನ್ನುಗಳಲ್ಲಿ, ಅಳೆದ ಗಾಳಿ ದಾರಿಯಲ್ಲೇ ಹೊರಹೋಗುವುದರಿಂದ, ಹೊರೆಯಲ್ಲಿ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಸೋರಿಕೆಯ ಸುಳಿವು ಸಿಗುತ್ತದೆ. ನನ್ನ ಎಂಜಿನ್ ಮ್ಯಾನಿಫೋಲ್ಡ್ ಒತ್ತಡದಿಂದ ಲೆಕ್ಕ ಹಾಕುವಂಥದ್ದು, ಹಾಗಾಗಿ ಟ್ರಿಮ್‌ಗಳು ಮೌನವಾಗಿದ್ದವು.

ಏರ್ ಫಿಲ್ಟರಿನ ನಂತರದ ಕೊಳವೆಯನ್ನು ಬಿಚ್ಚಿ, ಟರ್ಬೊದ ಬಾಯಿಗೆ ಪಿವಿಸಿ ಮುಚ್ಚಳ ಕೂರಿಸಿ, ಅದಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಸಿಕ್ಕಿಸಿ, ಕ್ರ್ಯಾಂಕ್‌ಕೇಸಿನ ಉಸಿರುಕೊಳವೆಯನ್ನು ಮುಚ್ಚಿ, ಗೇಜ್ ಇರುವ ಕಂಪ್ರೆಸರಿನಿಂದ ಮೆಲ್ಲಗೆ 0.8 ಬಾರ್‌ವರೆಗೆ ಗಾಳಿ ತುಂಬಿದೆ. ಅದಕ್ಕಿಂತ ಹೆಚ್ಚು ತುಂಬಿದರೆ ಆಯಿಲ್ ಸೀಲುಗಳಿಗೆ ಅಪಾಯ. ಎಂಜಿನ್ನಿನೊಳಗೆ ಅಲ್ಪಸ್ವಲ್ಪ ಗಾಳಿ ಇಳಿಯುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಸಾಬೂನಿನ ನೀರು ಸಿಂಪಡಿಸಿದಾಗ ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕೆಳಗಿನ ಹೋಸಿನಲ್ಲಿ, ಕ್ಲಿಪ್ಪಿನ ಅಂಚಿಗೆ ಒತ್ತಿಕೊಂಡು, ನೊರೆ ಉಕ್ಕಿತು. ಕ್ಲಿಪ್ ಕಚ್ಚಿದ ಕಡೆ ರಬ್ಬರ್ ಸೀಳಿತ್ತು. ಗಾಳಿ ಬಿಟ್ಟೊಡನೆ ಸೀಳು ಮುಚ್ಚಿಕೊಂಡು, ಸುತ್ತಲಿನ ಎಣ್ಣೆಯ ತೇವ ಮಾತ್ರ ಕಾಣುತ್ತಿತ್ತು. ಹೋಸನ್ನೂ ಕ್ಲಿಪ್ಪನ್ನೂ ಬದಲಿಸಿ ಅದೇ ಏರಿನಲ್ಲಿ, ಅದೇ ಮೂರನೆಯ ಗೇರಿನಲ್ಲಿ ಮತ್ತೆ ದಾಖಲಿಸಿದಾಗ, ಒತ್ತಡ ಗುರಿ ಮುಟ್ಟಲು ಎರಡು ಸೆಕೆಂಡೂ ಹಿಡಿಯಲಿಲ್ಲ, ಮೂರೂ ಸಿಲಿಂಡರುಗಳ ಮಿಸ್‌ಫೈರ್ ಎಣಿಕೆ ಸೊನ್ನೆಯಲ್ಲೇ ನಿಂತಿತು.