ಸೊಟ್ಟ ಗೇಟ್‌ಹೌಸನ್ನು ಸೊಟ್ಟಗೇ ಬರೆಯೋದು

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ, ಬ್ರೊಮ್ಯಾರ್ಡ್ ಊರಿನ ಹತ್ತಿರ ಲೋವರ್ ಬ್ರಾಕ್‌ಹ್ಯಾಂಪ್ಟನ್ ಅನ್ನೋ ಹಳೇ ಮನೆ ಇದೆ. ಸುತ್ತಲೂ ಕಂದಕ, ಅದರ ಮೇಲೆ ಎರಡಂತಸ್ತಿನ ಪುಟ್ಟ ಮರದ ಗೇಟ್‌ಹೌಸ್, ಅಂದರೆ ಹೆಬ್ಬಾಗಿಲ ಮೇಲೆ ಕಟ್ಟಿದ ಬಾಗಿಲುಮನೆ. 16ನೇ ಶತಮಾನದ್ದು, ಅಂದರೆ ಟ್ಯೂಡರ್ ರಾಜವಂಶ ಇಂಗ್ಲೆಂಡನ್ನು ಆಳುತ್ತಿದ್ದ ಅಪ್ಪಟ ಟ್ಯೂಡರ್ ಕಾಲದ್ದು. ಅದನ್ನು ಅಳೆದು ನಕ್ಷೆ ಬರೆಯಬೇಕು ಅಂತ ನನಗೆ ಬಹಳ ಆಸೆ ಇತ್ತು. 1946ರಿಂದ ಹಳೇ ಕಟ್ಟಡಗಳನ್ನು ಕಾಪಾಡೋ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿರೋದರಿಂದ ಯಾರು ಬೇಕಾದರೂ ಹೋಗಿ ನೋಡಬಹುದು.

ಇದು ಶತ್ರುವನ್ನು ತಡೆಯೋಕೆ ಕಟ್ಟಿದ್ದಲ್ಲ. ಮರದ ಬಾಗಿಲುಮನೆ ಯಾರನ್ನು ತಡೆದೀತು ಹೇಳಿ? ನಮ್ಮ ಮನೆಗೂ ಗೇಟ್‌ಹೌಸ್ ಇದೆ ಅಂತ ತೋರಿಸೋ ಶೋಕಿ, ಅಷ್ಟೇ. ಮಾಡಿನ ಅಂಚಿನ ಹಲಗೆಯಲ್ಲಿ ದ್ರಾಕ್ಷಿ ಬಳ್ಳಿ ಕೆತ್ತಿರೋದು ನೋಡಿದರೇ ಗೊತ್ತಾಗುತ್ತದೆ.

ಅಳತೆಯ ವಿಷಯಕ್ಕೆ ಬರೋಣ. ಈ ಕಟ್ಟಡ ವಾಲಿದೆ. ಹಾಗಾಗಿ ಗೋಡೆಯ ಉದ್ದ ಅಗಲ ಹಿಡಿದು ಆಯತ ಬರೆದರೆ ಕೆಲಸ ಕೆಟ್ಟಿತು. ನಾನು ಮೊದಲು ಒಂದು ಮಟ್ಟದ ಗೆರೆ ಇಟ್ಟುಕೊಳ್ಳುತ್ತೇನೆ, ಎತ್ತರವೆಲ್ಲ ಅಲ್ಲಿಂದಲೇ ಲೆಕ್ಕ. ಆಮೇಲೆ ಮರಗಳ ನಡುವಿನ ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತೇನೆ, ಯಾಕೆಂದರೆ ಎರಡು ಕರ್ಣಗಳ ಅಳತೆ ಬೇರೆಯಾದರೆ ಅದು ಎಷ್ಟು ಓರೆಯಾಗಿದೆ ಅನ್ನೋದು ಕಾಗದದ ಮೇಲೆ ತಾನಾಗಿಯೇ ಬರುತ್ತದೆ. ಕಂಬ ಎಷ್ಟು ವಾಲಿದೆ ಅಂತ ನೋಡೋಕೆ ದಾರಕ್ಕೆ ಕಟ್ಟಿ ಇಳಿಬಿಟ್ಟ ತೂಕದ ಗುಂಡೇ ಸಾಕು. ಮುಟ್ಟಬಾರದ ಕಡೆ ಮತ್ತು ಮೇಲಿನ ಅಂತಸ್ತಿಗೆ ಫೋಟೋ ತೆಗೆದು, ಗೊತ್ತಿರೋ ಒಂದೆರಡು ಅಳತೆಗೆ ಹೊಂದಿಸಿಕೊಳ್ಳುತ್ತೇನೆ. ಕಂಪ್ಯೂಟರಿನಲ್ಲಿ ಬರೆಯುವಾಗ ಗೆರೆ ನೆಟ್ಟಗೆ ಮಾಡೋ ಆಸೆ ಬರುತ್ತದೆ, ಸ್ವಲ್ಪ ತಡೆದುಕೊಳ್ಳಬೇಕು. ಆಗೆಲ್ಲ ಓಕ್ ಮರವನ್ನು ಒಣಗಿಸದೆ ಹಸಿಯಾಗಿಯೇ ಕೆತ್ತಿ ಜೋಡಿಸುತ್ತಿದ್ದರು. ಕಟ್ಟಿದ ಮೇಲೆ ಅದು ಒಣಗಿ, ಕುಗ್ಗಿ, ತಿರುಚಿಕೊಂಡಿತು. ಸೊಟ್ಟ ಅನ್ನೋದು ಕಟ್ಟಡದ ಚರಿತ್ರೆಯೇ, ಅದನ್ನು ತಿದ್ದಿದರೆ ಬರೆದು ಏನು ಪ್ರಯೋಜನ?

ನಾನು ಜಾಸ್ತಿ ಹೊತ್ತು ಕಳೆಯೋದು ಮರದ ಮೊಳೆಗಳ ಹತ್ತಿರ. ಒಂದು ಮರದ ನಾಲಿಗೆ ಇನ್ನೊಂದರ ತೂತಿಗೆ ಕೂರುತ್ತದೆ, ಅಡ್ಡಲಾಗಿ ಓಕ್ ಮೊಳೆ ಹೊಡೆದಿರುತ್ತಾರೆ. ಮೊಳೆಯ ತಲೆ ಕಂಡರೆ ಅಲ್ಲೊಂದು ಕೀಲು ಇದೆ ಅಂತ. ತೂತು ಇದ್ದು ಅದಕ್ಕೆ ಸೇರೋ ಮರ ಇಲ್ಲದಿದ್ದರೆ, ಅಲ್ಲಿದ್ದದ್ದನ್ನು ಯಾವಾಗಲೋ ತೆಗೆದಿದ್ದಾರೆ ಅಂತ. ಬಡಗಿಗಳು ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಜಾಗಕ್ಕೆ ತಂದು ನಿಲ್ಲಿಸುತ್ತಿದ್ದರು. ಯಾವುದು ಯಾವುದಕ್ಕೆ ಅಂತ ರೋಮನ್ ಅಂಕಿ ಗೀಚಿರುತ್ತಿದ್ದರು. ಉಳಿಯಲ್ಲಿ ನೇರ ಗೀರು ಸುಲಭ ಅಲ್ವಾ? ಇಂಥ ಗುರುತು ಹುಡುಕೋಕೆ ಟಾರ್ಚನ್ನು ಮರಕ್ಕೆ ಒರಗಿಸಿದಂತೆ ಪಕ್ಕದಿಂದ ಹಿಡಿಯಬೇಕು, ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣೋದಿಲ್ಲ.

ಮರಗಳ ನಡುವಿನ ಜಾಗ ತುಂಬುತ್ತಿದ್ದ ರೀತಿ ಮಲೆನಾಡಿನವರಿಗೆ ಹೊಸದಲ್ಲ. ಕಡ್ಡಿ ಹೆಣೆದು ಮಣ್ಣು ಮೆತ್ತಿದ ನಮ್ಮ ತಡಿಕೆ ಗೋಡೆಯೇ, ಮೇಲೆ ಸುಣ್ಣ.

ಮೇಲಿನ ಅಂತಸ್ತು ಹೊರಗೆ ಚಾಚಿರುತ್ತದಲ್ಲ, ಅದು ಬರೆಯೋಕೆ ತೊಡಕು. ಜಂತೆಗಳನ್ನೇ ಕೆಳಗಿನ ಗೋಡೆ ದಾಟಿಸಿ, ಅವುಗಳ ತುದಿಯ ಮೇಲೆ ಮೇಲಿನ ಗೋಡೆ ಕೂರಿಸುತ್ತಾರೆ. ಅಕ್ಕಪಕ್ಕದ ಎರಡು ಬದಿಯೂ ಚಾಚಿರೋ ಮನೆಗಳಲ್ಲಿ ಜಂತೆಗಳು ದಿಕ್ಕು ಬದಲಿಸಬೇಕಾಗುತ್ತದೆ, ಆಗ ಮೂಲೆಗೆ ಓರೆಯಾಗಿ ಒಂದು ದಪ್ಪ ತೊಲೆ ಹಾಕುತ್ತಾರೆ. ಮುಂಭಾಗದ ಚಿತ್ರ ಮಾತ್ರ ಬರೆದರೆ ಇದು ತಿಳಿಯೋದೇ ಇಲ್ಲ. ಕಟ್ಟಡವನ್ನು ನಡುವೆ ಸೀಳಿದಂತೆ ತೋರಿಸೋ ಸೀಳುನಕ್ಷೆ ಬರೆಯಲೇಬೇಕು.

ಗೇಟ್‌ಹೌಸ್ ಜೊತೆಗೆ ಕಾಟೇಜ್ ಸಾಲೂ ಬೇಕು ಅನ್ನೋರು ಕೆಂಟ್‌ನ ಐಟಮ್ ಮೋಟ್ ಅನ್ನೋ ಹಳೇ ಮನೆಗೆ ಹೋಗಿ. ಅಲ್ಲಿ ಗೇಟ್‌ಹೌಸ್ ಗೋಪುರ ಕಲ್ಲಿನದು, ಕಂದಕದ ಆಚೆ ಅದಕ್ಕೆ ಎದುರಾಗಿ ಮರದ ಚೌಕಟ್ಟಿನ ಕಾಟೇಜುಗಳು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಯಾವುದು ಮೆರೆಯೋಕೆ, ಯಾವುದು ಬಾಳೋಕೆ ಅಂತ ಕಾಣುತ್ತದೆ. ಅಂಗಳದಲ್ಲಿ ಸೇಂಟ್ ಬರ್ನಾರ್ಡ್ ನಾಯಿಗೆ ಅಂತ 19ನೇ ಶತಮಾನದಲ್ಲಿ ಮಾಡಿಸಿದ ಗೂಡೂ ಇದೆ. ಅದಕ್ಕೂ ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಮೊದಲ ದರ್ಜೆ!

ಆಮೇಲೆ, ಇಂಗ್ಲೆಂಡಿನ ಉಪನಗರಗಳಲ್ಲಿ 1930ರ ದಶಕದಲ್ಲಿ ಹಳೇ ಶೈಲಿಯನ್ನು ಅನುಕರಿಸಿ ಕಟ್ಟಿದ 'ಟ್ಯೂಡರ್' ಮನೆಗಳ ಮುಂದೆ ನಿಂತು ಹೋಲಿಸಿ ನೋಡಿ. ಬಹಳಷ್ಟು ಕಡೆ ಇಟ್ಟಿಗೆ ಗೋಡೆಗೆ ಹಲಗೆ ಬಡಿದು ಕಪ್ಪು ಬಣ್ಣ ಹೊಡೆದಿರುತ್ತಾರೆ. ಚೆಂದವಾಗಿಯೇ ಇರುತ್ತವೆ. ಆದರೆ ಓಕ್ ಮೊಳೆ ಹುಡುಕಿ ನೋಡಿ, ಒಂದೂ ಸಿಗೋದಿಲ್ಲ.