ಮಗುವಿಗಾಗಿ ಎಷ್ಟು ಕೆ.ಜಿ. ಇಳಿಸಬೇಕು?

ಮಕ್ಕಳಾಗಲಿಲ್ಲವೆಂದು ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದವರಲ್ಲಿ ಅನೇಕರಿಗೆ ಸಿಗುವ ಮೊದಲ ಮಾತು, 'ತೂಕ ಇಳಿಸ್ಕೊಂಡು ಬಾರಮ್ಮ.' ಎಷ್ಟು, ಹೇಗೆ ಎಂಬುದು ಅಲ್ಲಿಗೇ ನಿಲ್ಲುತ್ತದೆ.

ಮೊದಲು ಲೆಕ್ಕ. ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 1.55 ಮೀಟರ್ ಎತ್ತರ, 72 ಕೆ.ಜಿ. ಇದ್ದರೆ ಉತ್ತರ ಸುಮಾರು 30. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. 18.5ಕ್ಕಿಂತ ಕಡಿಮೆ ಇದ್ದರೂ ಮುಟ್ಟು ತಪ್ಪಬಹುದು. ಅಂಥವರು ತೂಕ ಏರಿಸಿಕೊಳ್ಳಬೇಕು.

ಇನ್ನು ಗುರಿ. ಮದುವೆಯ ಫೋಟೋದಲ್ಲಿದ್ದ ತೂಕಕ್ಕೆ ಮರಳಬೇಕಿಲ್ಲ. ಈಗಿನದರಲ್ಲಿ ಶೇ 5ರಿಂದ 10, ಅಂದರೆ 72 ಕೆ.ಜಿ.ಯವರಿಗೆ ಮೂರೂವರೆಯಿಂದ ಏಳು ಕೆ.ಜಿ. ಬೊಜ್ಜಿನಿಂದ ಇನ್ಸುಲಿನ್ ಏರಿದರೆ ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚಿ, ಅಂಡಾಣು ಬಿಡುಗಡೆಗೆ ಅಡ್ಡಿಯಾಗುತ್ತದೆ. ಹೀಗೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಪಿಸಿಓಎಸ್ ಎಂಬ ತೊಂದರೆ ಇರುವವರಲ್ಲಿ ಇಷ್ಟು ಇಳಿದರೇ ಮುಟ್ಟು ಸರಿಹೋಗುವುದುಂಟು.

ಊಟದ ವಿಷಯ. ಅಕ್ಕಿ ಬಿಡಿ ಎಂದರೆ ಮಲೆನಾಡಿನಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮೂರು ರೊಟ್ಟಿಯ ಜಾಗದಲ್ಲಿ ಒಂದೂವರೆ ಇರಲಿ. ಉಳಿದ ತಟ್ಟೆಗೆ ಹುರುಳಿ ಸಾರು, ಕಳಲೆ ಪಲ್ಯ, ಮೊಟ್ಟೆಯೋ ಮೀನೋ ಬರಲಿ. ಕಾಫಿಯ ಸಕ್ಕರೆಯನ್ನೂ ಎಣಿಸಿ, ನೆಂಟರ ಮನೆಯದ್ದನ್ನೂ ಸೇರಿಸಿ. ಉಪವಾಸ ಬಿದ್ದು ಸರಸರ ಇಳಿಸುವುದು ಬೇಡ.

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ದಿನವಿಡೀ ಕೂತು ಅಡಿಕೆ ಸುಲಿದದ್ದು ಕೈಗೆ ದುಡಿಮೆಯೇ ಹೊರತು ನಡಿಗೆಯಲ್ಲ. ಮಳೆ ಹಿಡಿದರೆ ಜಗಲಿಯಲ್ಲೇ ಅತ್ತಿತ್ತ ಓಡಾಡಿ. ಅತ್ತೆ ನಕ್ಕರೆ ಅವರನ್ನೂ ಜೊತೆಗೆ ಕರೆದುಕೊಳ್ಳಿ.

ಆದರೆ ತೂಕ ಇಳಿಯಲೆಂದು ವರ್ಷಗಟ್ಟಲೆ ಕಾಯಬೇಡಿ. 35ರ ಒಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ಪ್ರಯತ್ನಿಸಿಯೂ ಬಸಿರಾಗದಿದ್ದರೆ, ಮುಟ್ಟು ಏರುಪೇರಾಗಿದ್ದರಂತೂ ಕೂಡಲೇ, ವೈದ್ಯರನ್ನು ಕಾಣಿ. ಗಂಡನ ವೀರ್ಯ ಪರೀಕ್ಷೆಯೂ ಆಗಲೇ ಆಗಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ಬೊಜ್ಜಿದ್ದ 577 ಮಹಿಳೆಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳು ತೂಕ ಇಳಿಸಿ ಆಮೇಲೆ ಚಿಕಿತ್ಸೆ ಪಡೆದವರಿಗೆ ನೇರ ಚಿಕಿತ್ಸೆಗೆ ಹೋದವರಿಗಿಂತ ಹೆಚ್ಚು ಹೆರಿಗೆಯೇನೂ ಆಗಲಿಲ್ಲ. ಚಿಕಿತ್ಸೆಯಿಲ್ಲದೆ ಸಹಜವಾಗಿ ಬಸಿರಾದವರು ಮಾತ್ರ ಮೊದಲು ತೂಕ ಇಳಿಸಿದವರಲ್ಲೇ ಹೆಚ್ಚು. ಹಾಗಾಗಿ ವಯಸ್ಸು ಚಿಕ್ಕದಿದ್ದರೆ ಮೂರ್ನಾಲ್ಕು ತಿಂಗಳು ನಡಿಗೆ, ಊಟ ನೋಡಿಕೊಳ್ಳಬಹುದು. 37 ಆಗಿದ್ದರೆ ನಡಿಗೆ, ಚಿಕಿತ್ಸೆ ಎರಡೂ ಒಟ್ಟಿಗೆ.

ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಈಗಲೇ ಶುರುವಾಗಲಿ. ನಿಮಗೆ ಹೆಚ್ಚು ಬೇಕೇ ಎಂದು ವೈದ್ಯರನ್ನು ಕೇಳಿ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬಸಿರಿಗೆ ಪ್ರಯತ್ನಿಸುವ ಕನಿಷ್ಠ ಎರಡು ತಿಂಗಳ ಮುಂಚೆ ಅದನ್ನು ನಿಲ್ಲಿಸಬೇಕು.